ಕಪ್ಪು ಸಮುದಾಯದವರು ತಮ್ಮವರಿಗೆ ತಾವೇ ಕೊಡುವುದಿಲ್ಲವಾ?

ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಿ. ಆಫೀಸಿನಲ್ಲಿ ಕಪ್ಪು ಸಮುದಾಯದ ಮಕ್ಕಳ ಓದಿಗೆ ಚಂದಾ ಎತ್ತುತ್ತಿದ್ದಾರೆ. ಅವರಲ್ಲೂ ಉಳ್ಳವರು ಇದ್ದಾರಲ್ವಾ, ಅವರೇ ಯಾಕೆ ಕೊಡಬಾರದು ಅಂತ ಕೇಳಿದ್ದೀರಿ.

ಕೊಡುತ್ತಾರೆ. ಇನ್ನೂರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಕೊಡುತ್ತಲೇ ಬಂದಿದ್ದಾರೆ. ಉಳ್ಳವರಷ್ಟೇ ಅಲ್ಲ, ಕೂಲಿ ಮಾಡಿದವರು, ಊರವರ ಬಟ್ಟೆ ಒಗೆದು ಬದುಕಿದವರು ಕೂಡ.

ನಾನು ಇರುವುದು ನಾರ್ತ್ ಕೆರೊಲಿನಾದಲ್ಲಿ. ಇಲ್ಲಿಯ ಹಳ್ಳಿಗಳ ಕಡೆ ಹೋದರೆ ಅಲ್ಲಲ್ಲಿ ಹಳೆಯ ಮರದ ಶಾಲೆ ಕಟ್ಟಡಗಳು ಉಳಿದಿವೆ. ಉದ್ದನೆಯ ಕಿಟಕಿಗಳ ಸಾಲು ಇರುತ್ತದೆ. ಕರೆಂಟ್ ಇಲ್ಲದ ಕಾಲದಲ್ಲಿ ಬೆಳಕಿಗಾಗಿ ಹಾಗೆ ಕಟ್ಟಿದ್ದು. ರೋಸನ್‌ವಾಲ್ಡ್ ಶಾಲೆಗಳು ಅನ್ನುತ್ತಾರೆ. ಜೂಲಿಯಸ್ ರೋಸನ್‌ವಾಲ್ಡ್ ಅಂದರೆ ಸಿಯರ್ಸ್ ರೋಬಕ್ ಕಂಪನಿ ನಡೆಸುತ್ತಿದ್ದ ದೊಡ್ಡ ಶ್ರೀಮಂತ. ಗುಲಾಮಗಿರಿಯಲ್ಲೇ ಹುಟ್ಟಿ, ಮುಂದೆ ಅಲಬಾಮಾದ ಟಸ್ಕೀಗಿ ಸಂಸ್ಥೆಯನ್ನು ಬೆಳೆಸಿದ ಬೂಕರ್ ಟಿ. ವಾಷಿಂಗ್ಟನ್ ಅವರ ಮಾತಿಗೆ ಒಪ್ಪಿ, 1912ರಲ್ಲಿ ಆರು ಹಳ್ಳಿ ಶಾಲೆಗಳಿಗೆ ಹಣ ಕೊಟ್ಟರು. 1932ರ ಹೊತ್ತಿಗೆ ದಕ್ಷಿಣದ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆ ಎದ್ದವು. ನಮ್ಮ ರಾಜ್ಯವೊಂದರಲ್ಲೇ 800ರ ಆಚೆ.

ಹೆಸರು ರೋಸನ್‌ವಾಲ್ಡ್ ಅವರದು. ಆದರೆ ಲೆಕ್ಕ ನೋಡಿ. ಅವರ ನಿಧಿಯಿಂದ ಬಂದದ್ದು ಸುಮಾರು 43 ಲಕ್ಷ ಡಾಲರ್. ಕಪ್ಪು ಜನ ತಾವೇ ಕೂಡಿಸಿದ್ದು ಸುಮಾರು 47 ಲಕ್ಷ ಡಾಲರ್. ಇವರು ಯಾರು? ಬಹಳಷ್ಟು ಜನ ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ರೈತರು. ಕೈಯಲ್ಲಿ ಕಾಸು ಆಡುತ್ತಿದ್ದುದೇ ಕಡಿಮೆ. ಹತ್ತಿ ಹೊಲದ ಒಂದು ಮೂಲೆಯನ್ನು ಶಾಲೆಗೆಂದು ಬಿಟ್ಟು, ಆ ಹತ್ತಿ ಮಾರಿದ ಹಣ ತಂದುಕೊಟ್ಟರು. ಹೆಂಗಸರು ಅಡುಗೆ ಮಾಡಿ ಮಾರಿದರು, ಸಾಕಿದ ಕೋಳಿ ಮಾರಿದರು. ಕೆಲವರು ಜಾಗ ಬಿಟ್ಟುಕೊಟ್ಟರು, ಕೆಲವರು ಮರ ಕಡಿದು ತಂದರು, ಏನೂ ಇಲ್ಲದವರು ದುಡಿಮೆ ಕೊಟ್ಟರು. ಅಲಬಾಮಾದ ಒಂದು ಸಭೆಯಲ್ಲಿ ಗುಲಾಮಗಿರಿ ಕಂಡಿದ್ದ ಮುದುಕರೊಬ್ಬರು ಜೀವಮಾನದ ಉಳಿತಾಯದ ಚೀಲವನ್ನೇ ಮೇಜಿನ ಮೇಲೆ ಸುರಿದರಂತೆ. ಇದ್ದದ್ದು 38 ಡಾಲರ್. ಅಲ್ಲಿದ್ದ ಅಧಿಕಾರಿ ಅದನ್ನು ಬರೆದಿಟ್ಟಿದ್ದಾರೆ.

ನನಗೆ ಇದರಲ್ಲಿ ಹೆಮ್ಮೆಯ ಜೊತೆ ಸಿಟ್ಟೂ ಬರುತ್ತದೆ. ಯಾಕೆಂದರೆ ಈ ಜನ ತೆರಿಗೆ ಮೊದಲೇ ಕಟ್ಟಿದ್ದರು. ಆ ತೆರಿಗೆಯ ದೊಡ್ಡ ಪಾಲು ಬಿಳಿ ಮಕ್ಕಳ ಶಾಲೆಗೆ ಹೋಗುತ್ತಿತ್ತು. ತಮ್ಮ ಮಕ್ಕಳಿಗೆ ಶಾಲೆ ಬೇಕು ಅಂದರೆ ಇನ್ನೊಮ್ಮೆ ದುಡ್ಡು ಹಾಕಬೇಕಿತ್ತು. ಅಷ್ಟೇ ಅಲ್ಲ, ಹೀಗೆ ಕಟ್ಟಿದ ಶಾಲೆ ಕೊನೆಗೆ ಸರ್ಕಾರದ ಹೆಸರಿಗೇ ಹೋಗಬೇಕಿತ್ತು. ಅದನ್ನು ನಾವು ದಾನ ಅನ್ನುತ್ತೇವೆ. ನ್ಯಾಯವಾಗಿ ನೋಡಿದರೆ ಅದು ಒಂದೇ ವಸ್ತುವಿಗೆ ಎರಡು ಸಲ ತೆತ್ತ ಬೆಲೆ.

ಇದು ಶಾಲೆಗಳಿಂದ ಶುರುವಾದದ್ದೂ ಅಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಿಚರ್ಡ್ ಅಲೆನ್, ಅಬ್ಸಲಮ್ ಜೋನ್ಸ್ ಸೇರಿ ಫ್ರೀ ಆಫ್ರಿಕನ್ ಸೊಸೈಟಿ ಕಟ್ಟಿದರು. ಇಬ್ಬರೂ ಗುಲಾಮರಾಗಿದ್ದು ಬಿಡುಗಡೆ ಪಡೆದವರು. ಸದಸ್ಯರು ತಿಂಗಳಿಗೆ ಒಂದು ಶಿಲ್ಲಿಂಗ್ ಹಾಕಬೇಕು. ಕಷ್ಟಕ್ಕೆ ಸಿಕ್ಕಿದವರಿಗೆ, ವಿಧವೆಯರಿಗೆ, ತಂದೆ ಇಲ್ಲದ ಮಕ್ಕಳಿಗೆ ಅದರಿಂದ ನೆರವು. 1793ರಲ್ಲಿ ಆ ಊರಿಗೆ ಹಳದಿ ಜ್ವರ ಬಂದು ಸಾವಿರಾರು ಜನ ಸತ್ತಾಗ, ರೋಗಿಗಳ ಆರೈಕೆಗೆ, ಹೆಣ ಹೂಳುವುದಕ್ಕೆ ನಿಂತವರು ಇವರೇ. ಆಮೇಲೆ ಇವರ ಮೇಲೆ ದುಡ್ಡು ಸುಲಿದರು ಅಂತ ಆರೋಪ ಬಂತು. ಇಬ್ಬರೂ ಖರ್ಚು ವೆಚ್ಚ ಅಚ್ಚು ಹಾಕಿಸಿ ಉತ್ತರ ಕೊಟ್ಟರು. ಕೈಗೆ ಬಂದದ್ದಕ್ಕಿಂತ ಹೋದದ್ದೇ ಜಾಸ್ತಿ ಇತ್ತು.

ಹತ್ತಿರದ ಕಾಲದ ಒಂದು ಹೆಸರು ಹೇಳಬೇಕು: ಒಸಿಯೋಲಾ ಮೆಕಾರ್ಟಿ. ಮಿಸಿಸಿಪ್ಪಿಯ ಹ್ಯಾಟೀಸ್‌ಬರ್ಗ್‌ನಲ್ಲಿ ಬೇರೆಯವರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕಿದವರು. ಕಾಯಿಲೆ ಬಿದ್ದ ಚಿಕ್ಕಮ್ಮನನ್ನು ನೋಡಿಕೊಳ್ಳಲು ಆರನೇ ತರಗತಿಗೇ ಶಾಲೆ ಬಿಟ್ಟಿದ್ದರು. 1995ರಲ್ಲಿ, 87ನೇ ವಯಸ್ಸಿನಲ್ಲಿ, ಬಡ ವಿದ್ಯಾರ್ಥಿಗಳ ಓದಿಗೆಂದು ತಮ್ಮ ಊರಿನ ಸದರ್ನ್ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ 1,50,000 ಡಾಲರ್ ಬರೆದುಕೊಟ್ಟರು. 1965ರ ತನಕ ಕಪ್ಪು ವಿದ್ಯಾರ್ಥಿಗಳನ್ನೇ ಸೇರಿಸಿಕೊಳ್ಳದಿದ್ದ ವಿಶ್ವವಿದ್ಯಾಲಯ ಅದು.

ಇಷ್ಟೆಲ್ಲ ಇದ್ದೂ ನಮ್ಮ ಕಣ್ಣಿಗೆ ಯಾಕೆ ಬೀಳುವುದಿಲ್ಲ ಅಂದರೆ, ಇದರ ಬಹುಪಾಲು ರಸೀದಿ ಇಲ್ಲದ ಕೊಡುಗೆ. ಚರ್ಚಿನ ತಟ್ಟೆಗೆ ಹಾಕಿದ್ದು, ಅಕ್ಕನ ಮಗನ ಕಾಲೇಜು ಫೀಸಿಗೆ ಕಳಿಸಿದ್ದು, ತೀರಿಕೊಂಡವರ ಮಣ್ಣಿಗೆ ಓಣಿಯವರು ಕೂಡಿಸಿದ್ದು. ಕೆರಿಬಿಯನ್ ದ್ವೀಪಗಳಿಂದ ಬಂದವರು ‘ಸುಸು’ ಅಂತ ನಡೆಸುತ್ತಾರೆ. ನಮ್ಮ ಮನೆಗಳಲ್ಲಿ ಹೆಂಗಸರು ಹಾಕುವ ಚೀಟಿ ಇದ್ದ ಹಾಗೇ, ಸರದಿಯ ಮೇಲೆ ಒಬ್ಬೊಬ್ಬರಿಗೆ ಗಂಟು ಸಿಗುತ್ತದೆ. ಯಾವ ತೆರಿಗೆ ಫಾರ್ಮಿನಲ್ಲೂ ಇದು ಬರುವುದಿಲ್ಲ.

ಹಾಗಾದರೆ ನೀವು ಕೊಡಬೇಕಾ? ಕೊಡಿ ಅನ್ನುತ್ತೇನೆ. ತಲೆಮಾರುಗಳ ಕಾಲ ಎರಡೆರಡು ಸಲ ತೆತ್ತವರ ಮನೆಯಲ್ಲಿ ಆಸ್ತಿ ಕೂಡುವುದು ಕಷ್ಟ. ಹತ್ತಾರು ಉಳ್ಳವರು ಸೇರಿ ಆ ಕೊರತೆಯನ್ನು ತುಂಬಲಾರರು. ಇನ್ನೊಂದು ಮಾತು. ನಾವು ಇಲ್ಲಿಗೆ ಬರಲು ದಾರಿ ಮಾಡಿದ 1965ರ ವಲಸೆ ಕಾನೂನು ಸುಮ್ನೆ ಬಂದದ್ದಲ್ಲ. ಇವರ ಹಕ್ಕಿನ ಹೋರಾಟ ಎಬ್ಬಿಸಿದ ಗಾಳಿಯಲ್ಲೇ ಅದೂ ಬಂತು.

ಕೊಡುವ ಮೊದಲು ಚಂದಾ ಎತ್ತುವವರನ್ನು ಒಂದೆರಡು ವಿಷಯ ಕೇಳಿ. ಹಣ ಯಾವ ಸಂಸ್ಥೆಗೆ ಹೋಗುತ್ತದೆ? ಯಾವ ಮಗುವಿಗೆ ಎಷ್ಟು ಅಂತ ತೀರ್ಮಾನಿಸುವ ಸಮಿತಿಯಲ್ಲಿ ಆ ಊರಿನ ಕಪ್ಪು ಕುಟುಂಬಗಳವರು ಇದ್ದಾರಾ? ಇದ್ದರೆ ಧೈರ್ಯವಾಗಿ ಕೊಡಿ. ಇಲ್ಲದಿದ್ದರೆ ನಿಮ್ಮ ಊರಿನ ಕಪ್ಪು ಚರ್ಚೊಂದಕ್ಕೆ ಫೋನ್ ಮಾಡಿ, ಅವರು ವಿದ್ಯಾರ್ಥಿವೇತನ ಕೊಡುತ್ತಾರಾ ಅಂತ ವಿಚಾರಿಸಿ. ಅನೇಕ ಚರ್ಚುಗಳು ಕೊಡುತ್ತವೆ. ನೇರವಾಗಿ ಅಲ್ಲಿಗೇ ಕಳಿಸಬಹುದು.