ಯಾದಗಿರಿ ಕಡೆಯವರು ಮಾರ್ಕೆಟಿಂಗ್ ಓದೋಕೆ ಬೆಂಗಳೂರಿಗೇ ಹೋಗಬೇಕಾ?

ಪಿಯುಸಿ ಕಾಮರ್ಸ್ ಮುಗಿದಿದೆ, ಊರು ಶಹಾಪುರ, ಮಾರ್ಕೆಟಿಂಗ್‌ನಲ್ಲೇ ಡಿಗ್ರಿ ಮಾಡಬೇಕು, ಬೆಂಗಳೂರಿಗೆ ಹೋಗಲೋ ಕಲಬುರಗಿಯಲ್ಲೇ ಸೇರಲೋ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಬಿಬಿಎ ಮಾಡಿ, ಆಮೇಲೆ ಎಂಬಿಎ ಮುಗಿಸಿ, ಈಗ ದಿನಸಿ ಸಾಮಾನಿನ ಸೇಲ್ಸ್‌ನಲ್ಲಿದ್ದೇನೆ. ನನ್ನನ್ನು ಕೇಳಿದರೆ, ಡಿಗ್ರಿ ಇಲ್ಲೇ ಮಾಡಿ. ಮನೆಯವರ ದುಡ್ಡು ಎಂಬಿಎಗೆ ಇರಲಿ.

ಡಿಗ್ರಿಯಲ್ಲಿ ಮಾರ್ಕೆಟಿಂಗ್ ಸಿಗೋದು ಅಷ್ಟಕ್ಕಷ್ಟೇ. ಬಿಬಿಎಗೆ ಸೇರಿದರೂ ಅಕೌಂಟ್ಸ್, ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್ ಓದಲೇಬೇಕು. ಸರಿಯಾದ ಸ್ಪೆಷಲೈಸೇಶನ್ ಬರೋದು ಎಂಬಿಎ ಎರಡನೇ ವರ್ಷದಲ್ಲಿ. ಬೋರ್ಡಿನ ಮೇಲೆ ‘ಡಿಜಿಟಲ್ ಮಾರ್ಕೆಟಿಂಗ್’ ಅಂತ ದೊಡ್ಡದಾಗಿ ಬರೆಸಿ ಜಾಸ್ತಿ ಫೀಸು ಕೇಳುವ ಕಡೆ ಮೊದಲು ಸಿಲೆಬಸ್ ಕೇಳಿ ನೋಡಿ. ಪಾಠ ಮಾಡೋರು ಯಾರು ಅಂತಲೂ ವಿಚಾರಿಸಿ. ನಮ್ಮ ಕಾಲೇಜಲ್ಲಿ ಮಾರ್ಕೆಟಿಂಗ್ ಮೇಷ್ಟ್ರು ಅರ್ಧ ವರ್ಷಕ್ಕೇ ಬಿಟ್ಟು ಹೋದರು. ಉಳಿದದ್ದನ್ನು ಗೈಡ್ ಓದಿ ಪಾಸಾದೆವು.

ಹಾಗಾದರೆ ಕಲಿತದ್ದು ಎಲ್ಲಿ? ಗಂಜ್‌ನಲ್ಲಿ, ಅಂದರೆ ದವಸಧಾನ್ಯದ ಮಾರ್ಕೆಟ್‌ನಲ್ಲಿ. ಕೊನೇ ವರ್ಷದ ಪ್ರಾಜೆಕ್ಟಿಗೆ ನಾನು ತೊಗರಿಬೇಳೆ ತೆಗೆದುಕೊಂಡಿದ್ದೆ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನ ವಿಶೇಷ ಅಂತ ಸರ್ಕಾರ ಕೊಡುವ ಗುರುತು) ಬಂತಲ್ವಾ, ಅದನ್ನು ಪ್ಯಾಕೆಟ್ ಮೇಲೆ ಹಾಕಿದರೆ ನಾಲ್ಕು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ನನ್ನ ಲೆಕ್ಕ. ಕಾಕಾನ ಅಂಗಡಿಯಲ್ಲಿ ಹದಿನೈದು ದಿನ ಕೂತೆ. ಟ್ಯಾಗ್ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಹೆಣ್ಮಕ್ಕಳೆಲ್ಲ ಚೀಲಕ್ಕೆ ಕೈ ಹಾಕಿ, ಬೇಳೆ ಅಂಗೈ ಮೇಲೆ ಹರಡಿ, ಒಂದು ಕಾಳು ಹಲ್ಲಲ್ಲಿ ಕಡಿದು ಕೇಳ್ತಿದ್ದದ್ದು ಒಂದೇ: ‘ಲಗೂ ಕುದೀತದೇನ್ರಿ?’ ಪುಸ್ತಕದಲ್ಲಿ ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್ ಅಂತ ನಾಲ್ಕು ‘ಪಿ’ ಬಾಯಿಪಾಠ ಮಾಡಿದ್ದೆ. ಪ್ಯಾಕೆಟ್ ಮೇಲೆ ಏನು ಬರೆಯಬೇಕು ಅನ್ನೋದು ಅವತ್ತು ಗೊತ್ತಾಯ್ತು. ಎಂಬಿಎ ಇಂಟರ್‌ವ್ಯೂನಲ್ಲೂ ಇದೇ ಕತೆ ಹೇಳಿದೆ. ಅವರು ಬೇರೆ ಏನೂ ಕೇಳಲೇ ಇಲ್ಲ!

ಇನ್ನು ಕಾಗದಪತ್ರದ ವಿಷಯ. 2024-25ರಿಂದ ರಾಜ್ಯದಲ್ಲಿ ಮತ್ತೆ 3 ವರ್ಷದ ಡಿಗ್ರಿ. ಅದೇ ವರ್ಷದಿಂದ ಬಿಬಿಎ ಎಐಸಿಟಿಇ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಕೈಕೆಳಗೆ ಬಂದಿದೆ. ಸೇರುವ ಕಾಲೇಜಿಗೆ ಅದರ ಒಪ್ಪಿಗೆ ಇದೆಯಾ ಕೇಳಿ. ಕಲಬುರಗಿ ಜಿಲ್ಲೆಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಮೇಲೆ ಕಣ್ಣಿದ್ದರೆ ಪಿಯುಸಿ ಮಾರ್ಕ್ಸ್ ಒಂದೇ ಸಾಲದು, ಸಿಯುಇಟಿ ಅನ್ನೋ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು.

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಸಿಗೋಕೆ ಬೇಕಾದ 371(ಜೆ) ಸರ್ಟಿಫಿಕೇಟ್ ಈಗಲೇ ಮಾಡಿಸಿಡಿ. ನಮ್ಮ ಭಾಗದ ಕಾಲೇಜುಗಳಲ್ಲಿ ಮಾತ್ರ ಅಲ್ಲ, ಮುಂದೆ ಪಿಜಿಸಿಇಟಿ (ಎಂಬಿಎಗೆ ರಾಜ್ಯದ ಪ್ರವೇಶ ಪರೀಕ್ಷೆ) ಬರೆದು ಬೆಂಗಳೂರಲ್ಲಿ ಎಂಬಿಎ ಸೀಟು ಹಿಡಿಯುವಾಗಲೂ ಅದು ಬೇಕು. ಅಸಿಸ್ಟೆಂಟ್ ಕಮಿಷನರ್ ಸಹಿ ಆಗಬೇಕು, ಅಡ್ಮಿಷನ್ ಸಮಯದಲ್ಲಿ ರಶ್ ಜಾಸ್ತಿ. ನಾನು ಕೊನೇ ವಾರ ಹೋಗಿ ಮೂರು ಸಲ ಅಲೆದೆ.

ಕಾಲೇಜು ಶುರುವಾಗೋವರೆಗೆ ಸುಮ್ನೆ ಕೂರಬೇಡಿ. ಶಹಾಪುರದಲ್ಲೇ ಗೊತ್ತಿರುವವರ ಕಿರಾಣಿಯೋ ಬಟ್ಟೆ ಅಂಗಡಿಯೋ ಇದ್ದರೆ ಒಂದು ತಿಂಗಳು ಗಲ್ಲಾಪೆಟ್ಟಿಗೆ ಪಕ್ಕ ನಿಲ್ಲಿ. ಗಿರಾಕಿ ಏನೂ ಕೊಳ್ಳದೆ ವಾಪಸ್ ಹೋಗ್ತಾರಲ್ಲ, ಅವರು ಕೊನೆಗೆ ಏನಂದರು ಅನ್ನೋದನ್ನು ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಪ್ರಾಜೆಕ್ಟ್ ಹೊತ್ತಿಗೆ ಅದನ್ನೇ ಹುಡುಕುತ್ತೀರಿ.