ಇನ್ನೂರ ಹನ್ನೆರಡು ಗಂಟೆಗಳ ಪೈಲಟ್: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಸುಮಂತ್ ಎಂದು ಇಲ್ಲಿ ಕರೆಯುತ್ತಿರುವ ಇಪ್ಪತ್ತಾರು ವರ್ಷದ ಯುವಕ ಮೊದಲ ಭೇಟಿಗೆ ಬಂದದ್ದು ತಂದೆಯ ಜೊತೆಯಲ್ಲಿ. ಮಲೆನಾಡಿನ ಅಡಿಕೆ ಬೆಳೆಗಾರರ ಮನೆ. ನಾಲ್ಕೂವರೆ ಎಕರೆ ತೋಟ, ಅದರಲ್ಲಿ ಎರಡು ಎಕರೆಗೆ ಕಳೆದ ಮೂರು ಮಳೆಗಾಲದಿಂದ ಎಲೆಚುಕ್ಕಿ ರೋಗ. ಭೇಟಿಗೆ ಸಮಯ ಕೇಳಲು ಫೋನ್ ಮಾಡಿದಾಗಲೇ ತಂದೆ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ಮೇಡಂ, ಮಗನ ಕೆಲಸಕ್ಕೆ ಒಂದು ಎಕರೆ ಮಾರಬೇಕೋ ಬೇಡವೋ, ಅಷ್ಟು ಹೇಳಿದರೆ ಸಾಕು." ಆ ಮಾತು ಪೂರ್ತಿ ಇತ್ಯರ್ಥವಾಗಲು ನಮಗೆ ಐದು ಭೇಟಿಗಳು ಬೇಕಾದವು.

ಸುಮಂತ್ ದಕ್ಷಿಣ ಆಫ್ರಿಕಾದ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ತರಬೇತಿ ಪಡೆದು, ಅಲ್ಲಿನ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ತೆಗೆದುಕೊಂಡು, ಊರಿಗೆ ಮರಳಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ನಡೆಸುವ ಪರೀಕ್ಷೆಗಳನ್ನೂ ಪಾಸು ಮಾಡಿ ಅದನ್ನು ಭಾರತದ ಲೈಸೆನ್ಸಿಗೆ ಪರಿವರ್ತಿಸಿಕೊಂಡಿದ್ದ. ಒಟ್ಟು ಹಾರಾಟ 212 ಗಂಟೆ. ಭಾರತದಲ್ಲಿ ಈ ಲೈಸೆನ್ಸಿಗೆ ಬೇಕಾದದ್ದೇ 200 ಗಂಟೆಯಾದ್ದರಿಂದ, ಅವನ ಬಳಿ ಲೈಸೆನ್ಸ್ ಇತ್ತು, ಅದರಾಚೆಗೆ ಅನುಭವವೆಂದು ತೋರಿಸಲು ಹನ್ನೆರಡು ಗಂಟೆ ಇತ್ತು. ಇದಕ್ಕಾಗಿ ಮನೆಯವರು ಮಾಡಿದ ಖರ್ಚು 62 ಲಕ್ಷ ರೂಪಾಯಿ. ತೋಟದ ಆಧಾರದ ಮೇಲೆ ಬ್ಯಾಂಕಿನ ಶಿಕ್ಷಣ ಸಾಲ 40 ಲಕ್ಷ, ಉಳಿದದ್ದು ಸೊಸೈಟಿಯಿಂದ ಮತ್ತು ನೆಂಟರಿಂದ. ಕಂತು ಆರಂಭವಾಗಿ ಏಳು ತಿಂಗಳಾಗಿತ್ತು. ಪತ್ರಿಕೆಗಳಲ್ಲಿ ನಮ್ಮ ವಿಮಾನ ಸಂಸ್ಥೆಗಳು ನೂರಾರು ವಿಮಾನಗಳಿಗೆ ಆರ್ಡರ್ ಕೊಟ್ಟ ಸುದ್ದಿ ಓದಿದ ನೆಂಟರೆಲ್ಲ ಮದುವೆ ಮನೆಗಳಲ್ಲಿ "ಯಾವಾಗ ಹಾರಿಸ್ತೀಯೋ" ಎಂದು ಕೇಳುತ್ತಿದ್ದರು. ಅವನು ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸಿದ್ದ. ಹೊಸ ವಿಮಾನ ಬಂದಾಗ ಮೊದಲು ಕೊರತೆ ಕಾಣುವುದು ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್‌ಗಳದ್ದು, ಹೊಸಬರ ಸಾಲು ಉದ್ದವಾಗಿಯೇ ಇರುತ್ತದೆ ಎಂಬುದನ್ನು ಆ ನೆಂಟರಿಗೆ ತಿಳಿಹೇಳುವವರು ಯಾರೂ ಇರಲಿಲ್ಲ.

ಅವನು ತಂದಿದ್ದ ಲಾಗ್‌ಬುಕ್ಕನ್ನು ನಾನು ಕೇಳಿ ನೋಡಿದೆ. ಮಳೆಗೆ ನೆನೆಯದಂತೆ ಅಡಿಕೆ ಚೀಲದೊಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ದಪ್ಪ ಪುಸ್ತಕ. ದಿನಾಂಕ, ವಿಮಾನದ ನೋಂದಣಿ ಸಂಖ್ಯೆ, ಹೊರಟ ಜಾಗ, ಇಳಿದ ಜಾಗ, ಗಂಟೆ, ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ. ಕೊನೆಯ ದಾಖಲೆ ಹದಿನಾಲ್ಕು ತಿಂಗಳ ಹಿಂದಿನದು. ಅದರ ಕೆಳಗಿನ ಖಾಲಿ ಸಾಲುಗಳ ಮೇಲೆ ಅವನು ಬೆರಳಿಟ್ಟು ಹೇಳಿದ: "ಇದನ್ನು ತೆರೆದಾಗೆಲ್ಲ ಅಪ್ಪಯ್ಯನ ತೋಟ ಕಾಣುತ್ತೆ ಮೇಡಂ." ತಂದೆ ಆಗ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು.

ಮನೆಯವರ ಮುಂದಿದ್ದ ಪ್ರಸ್ತಾಪ ಹೀಗಿತ್ತು. ಒಬ್ಬ ಏಜೆಂಟ್ ಆಗ್ನೇಯ ಏಷ್ಯಾದ ಒಂದು ವಿಮಾನ ಸಂಸ್ಥೆಯಲ್ಲಿ ಏರ್‌ಬಸ್ ಎ320ರ ಮೇಲೆ 500 ಗಂಟೆ ಹಾರುವ ಅವಕಾಶ ಕೊಡಿಸುವುದಾಗಿ ಹೇಳಿದ್ದ. ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಯಾದ ಟೈಪ್ ರೇಟಿಂಗ್ ಸೇರಿ 38 ಲಕ್ಷ ರೂಪಾಯಿ, ಅದರಲ್ಲಿ ಮುಂಗಡ ಮೂರು ಲಕ್ಷವನ್ನು ವಾರದೊಳಗೆ ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ ಹಾಕಬೇಕಿತ್ತು. 500 ಗಂಟೆಯಾದರೆ ಕೊಲ್ಲಿ ರಾಷ್ಟ್ರಗಳ ಸಂಸ್ಥೆಗಳು ತಾವಾಗಿ ಕರೆಯುತ್ತವೆ ಎಂಬುದು ಅವನ ಮಾತು. ಎರಡನೆಯ ಭೇಟಿಯಲ್ಲಿ ನಾವು ಮೂವರೂ ಆ ನಾಲ್ಕು ಪುಟದ ಕರಾರನ್ನು ಮೇಜಿನ ಮೇಲೆ ಹರಡಿಕೊಂಡು ಸಾಲು ಸಾಲಾಗಿ ಓದಿದೆವು. 'ಉದ್ಯೋಗಿ' ಎಂಬ ಪದ ಎಲ್ಲಿಯೂ ಇರಲಿಲ್ಲ, 'ತರಬೇತಿ ಪಡೆಯುವವನು' ಎಂದೇ ಇತ್ತು. ಸಂಬಳದ ಅಂಕಿ ಇರಲಿಲ್ಲ. ವೀಸಾ ಯಾವ ಬಗೆಯದು, ಅದಕ್ಕೆ ಅರ್ಜಿ ಹಾಕುವವರು ಯಾರು ಎಂಬುದಿರಲಿಲ್ಲ. ವಿಮಾನ ಸಂಸ್ಥೆಯ ಸಹಿ ಇರಲಿಲ್ಲ. ಹಣ ಮರಳಿಸುವ ವಿಷಯ ಮಾತ್ರ ಸ್ಪಷ್ಟವಾಗಿತ್ತು: ಯಾವ ಸಂದರ್ಭದಲ್ಲೂ ಇಲ್ಲ.

ಇಂಥ ವ್ಯವಸ್ಥೆ ಎಲ್ಲವೂ ವಂಚನೆ ಎಂದು ನಾನು ಹೇಳುವುದಿಲ್ಲ. ಹಣ ಕೊಟ್ಟು ನಿಜವಾಗಿಯೂ ಹಾರಿದವರಿದ್ದಾರೆ. ಆದರೆ ಅದರ ಲೆಕ್ಕಾಚಾರವನ್ನು ತಂದೆಗೆ ಅಡಿಕೆ ವ್ಯಾಪಾರದ ಭಾಷೆಯಲ್ಲೇ ಬಿಡಿಸಿ ಹೇಳಬೇಕಾಯಿತು. ಬಲಗಡೆಯ, ಅಂದರೆ ಕೋ-ಪೈಲಟ್‌ನ ಸೀಟಿನಲ್ಲಿ ಕೂರಲು ತಾನೇ ಹಣ ಕೊಡುವ ಪೈಲಟ್ ಸಿಗುವಾಗ, ಅವನ 500 ಗಂಟೆ ಮುಗಿದ ಮೇಲೆ ಅದೇ ಸೀಟಿಗೆ ಸಂಬಳ ಕೊಟ್ಟು ಅವನನ್ನೇ ಇಟ್ಟುಕೊಳ್ಳಲು ಸಂಸ್ಥೆಗೆ ಯಾವ ಒತ್ತಾಯವೂ ಇಲ್ಲ. ಮುಂದಿನ ಹಣ ಕೊಡುವವನು ಬಾಗಿಲಲ್ಲಿ ನಿಂತಿರುತ್ತಾನೆ. ಇನ್ನು ಏಜೆಂಟ್ ವಿಷಯ: ನಮ್ಮ ದೇಶದಿಂದ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು, ಅವರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಸಿಗಬೇಕು, ಅಭ್ಯರ್ಥಿಯಿಂದ ಅವರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಪಡೆಯುವ ಹಣವನ್ನು 'ತರಬೇತಿ ಶುಲ್ಕ' ಎಂದು ಕರೆದ ಕೂಡಲೇ ಈ ಮಿತಿ ಪಕ್ಕಕ್ಕೆ ಸರಿಯುತ್ತದೆ, ಆದ್ದರಿಂದಲೇ ಹಾಗೆ ಕರೆಯುತ್ತಾರೆ. ಈ ಏಜೆಂಟನ ಹೆಸರು ಪಟ್ಟಿಯಲ್ಲಿರಲಿಲ್ಲ. ಮುಂಗಡವನ್ನು ಕಟ್ಟಕೂಡದು, ಎಕರೆಯನ್ನು ಮಾರಕೂಡದು ಎಂದು ನಾನು ಅಂದೇ ಹೇಳಿದೆ. ನಿರ್ಧಾರವನ್ನು ಬಂದವರಿಗೇ ಬಿಡುವುದು ನಮ್ಮ ವೃತ್ತಿಯ ರೂಢಿ. ಆದರೆ ಎದುರಿಗೆ ಬಾವಿ ಕಾಣುತ್ತಿರುವಾಗ ಸುಮ್ಮನಿರುವುದು ಆಪ್ತಸಲಹೆಯಲ್ಲ ಎಂಬುದು ನನ್ನ ನಿಲುವು.

ಮೂರನೆಯ ಭೇಟಿಗೆ ಸುಮಂತ್ ಒಬ್ಬನೇ ಬಂದ. ಅಂದು ವಿದೇಶದ ಕೆಲಸದ ಬಗ್ಗೆ ಅವನ ಮನಸ್ಸಿನಲ್ಲಿದ್ದ ಕ್ರಮವನ್ನು ತಿರುಗಿಸಿ ಇಡುವುದು ನನ್ನ ಉದ್ದೇಶವಾಗಿತ್ತು. ಅವನು ಮೊದಲು ಗಂಟೆ, ಆಮೇಲೆ ಲೈಸೆನ್ಸ್, ಕೊನೆಗೆ ವೀಸಾ ಎಂದುಕೊಂಡಿದ್ದ. ಹೊರದೇಶದವನಿಗೆ ಮೊದಲು ಬರುವುದು ಅಲ್ಲಿ ಇದ್ದು ದುಡಿಯುವ ಹಕ್ಕು, ಆಮೇಲೆ ಆ ದೇಶದ ಲೈಸೆನ್ಸ್, ಗಂಟೆಗಳು ಮೂರನೆಯವು. ಇದನ್ನು ಅರಿಯಲು ನಮ್ಮ ದೇಶವನ್ನೇ ನೋಡಿದರೆ ಸಾಕು: ನಾವು ವಿದೇಶಿ ಪೈಲಟ್‌ಗಳಿಗೆ ತಾತ್ಕಾಲಿಕ ಅನುಮತಿ ಕೊಡುವುದು ಮುಖ್ಯವಾಗಿ ಅನುಭವಿ ಕಮಾಂಡರ್‌ಗಳಿಗೆ, ಇಲ್ಲಿ ಆ ಅನುಭವದವರು ಸಾಲದು ಎಂಬ ಕಾರಣಕ್ಕೆ. 212 ಗಂಟೆಯ ಹೊಸಬರು ಪ್ರತಿ ದೇಶದಲ್ಲೂ ಸಾಕಷ್ಟಿದ್ದಾರೆ. ಅಮೆರಿಕದಲ್ಲಿ 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಸಂಭವಿಸಿ ಐವತ್ತು ಜನರನ್ನು ಬಲಿ ತೆಗೆದುಕೊಂಡ ಅಪಘಾತದ ನಂತರ ಕಾನೂನು ಬಿಗಿಯಾಗಿ, 2013ರಿಂದ ಅಲ್ಲಿನ ವಿಮಾನ ಸಂಸ್ಥೆಗಳ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಬೇಕು. ಅಲ್ಲಿನ ಯುವಕರು ಹಾರಾಟ ಕಲಿಸುವ ಇನ್‌ಸ್ಟ್ರಕ್ಟರ್ ಆಗಿ ಆ ಗಂಟೆಗಳನ್ನು ಕೂಡಿಸುತ್ತಾರೆ, ವೀಸಾ ಇಲ್ಲದ ನಮ್ಮವರಿಗೆ ಆ ದಾರಿ ತೆರೆದಿಲ್ಲ. ಯುರೋಪಿನ ಲೈಸೆನ್ಸಿಗೆ ಹದಿಮೂರು ಥಿಯರಿ ಪರೀಕ್ಷೆಗಳನ್ನು ಹೊಸದಾಗಿ ಬರೆಯಬೇಕು, ಬರೆದರೂ ದುಡಿಯುವ ಹಕ್ಕು ಬರುವುದಿಲ್ಲ.

ಹಾಗಾದರೆ ಕಡಿಮೆ ಗಂಟೆಯವರಿಗೆ ಕೆಲಸ ಎಲ್ಲಿದೆ? ರಸ್ತೆ ಮುಗಿಯುವಲ್ಲಿ. ಈ ಮಾತು ಹೇಳಿದಾಗ ಸುಮಂತ್ ಮೊದಲ ಸಲ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿಸಿಕೊಂಡ. ಬೋಟ್ಸ್‌ವಾನಾದ ಮೌನ್ ಎಂಬ ಊರು ಇದಕ್ಕೆ ಒಳ್ಳೆಯ ಉದಾಹರಣೆ. ಅಂಗೋಲಾದ ಎತ್ತರದ ಪ್ರದೇಶದಲ್ಲಿ ಬಿದ್ದ ಮಳೆಯ ನೀರು ತಿಂಗಳುಗಟ್ಟಲೆ ಹರಿದು, ಬೋಟ್ಸ್‌ವಾನಾದಲ್ಲಿ ಒಣಹವೆ ಇರುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಒಕವಾಂಗೊ ಬಯಲನ್ನು ತುಂಬುತ್ತದೆ. ಪ್ರವಾಸಿಗರು ಬರುವ ಕಾಲವೂ ಅದೇ. ದಾರಿಗಳು ನೀರಿನಡಿ ಹೋದಾಗ ಸಫಾರಿ ಕ್ಯಾಂಪುಗಳ ಮಣ್ಣಿನ ರನ್‌ವೇಗಳಿಗೆ ಜನ, ತರಕಾರಿ, ಸಾಮಾನು ಎಲ್ಲವೂ ಸಣ್ಣ ವಿಮಾನಗಳಾದ ಸೆಸ್ನಾ 206, ಏರ್‌ವ್ಯಾನ್, ಕ್ಯಾರವ್ಯಾನ್‌ಗಳಲ್ಲೇ ಹೋಗಬೇಕು. ಒಬ್ಬನೇ ಪೈಲಟ್ ಹಾರಿಸುವುದರಿಂದ ಅಲ್ಲಿನ ಪ್ರತಿ ಗಂಟೆಯೂ ಕಮಾಂಡ್ ಗಂಟೆ, ಅಂದರೆ ವಿಮಾನದ ಹೊಣೆ ಹೊತ್ತು ಹಾರಿದ ಗಂಟೆ. ಹೊಸಬರು ಋತು ಆರಂಭವಾಗುವ ಮೊದಲಿನ ತಿಂಗಳುಗಳಲ್ಲಿ ಸ್ವತಃ ಹೋಗಿ, ಕಂಪನಿಗಳ ಬಾಗಿಲು ತಟ್ಟಿ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತಾರೆ. ದಕ್ಷಿಣ ಆಫ್ರಿಕಾದ ಲೈಸೆನ್ಸ್ ಇರುವುದು ಸುಮಂತ್‌ಗೆ ಅನುಕೂಲ. ಆದರೆ ಪ್ರವಾಸಿ ವೀಸಾದಲ್ಲಿ ಹೋದವನು ಕೆಲಸ ಹುಡುಕಬಹುದೇ ಹೊರತು ಒಂದು ಹಾರಾಟವನ್ನೂ ದುಡಿಮೆಯಾಗಿ ಮಾಡುವಂತಿಲ್ಲ; ಕಂಪನಿ ಒಪ್ಪಿ, ಅಲ್ಲಿನ ಲೈಸೆನ್ಸ್ ಮಾನ್ಯತೆ ಮತ್ತು ಕೆಲಸದ ಪರವಾನಗಿ ಬಂದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು. ಇದನ್ನು ನಾನು ಎರಡು ಸಲ ಹೇಳಿದೆ.

ಆಸ್ಟ್ರೇಲಿಯಾದ ಉತ್ತರ ಭಾಗದ ಡಾರ್ವಿನ್, ಕುನುನುರಾ ಮುಂತಾದೆಡೆಯೂ ಇಂಥದೇ ಕೆಲಸವಿದೆ. 2024ರಿಂದ 18ರಿಂದ 30 ವರ್ಷದ ಭಾರತೀಯರಿಗೆ ವರ್ಷಕ್ಕೆ ಸಾವಿರದಂತೆ 'ವರ್ಕ್ ಅಂಡ್ ಹಾಲಿಡೇ' ವೀಸಾವನ್ನು ಲಾಟರಿಯ ಮೂಲಕ ಕೊಡಲಾರಂಭಿಸಿದ್ದಾರೆ. ಸುಮಂತ್‌ಗೆ ಇದು ಗೊತ್ತೇ ಇರಲಿಲ್ಲ. ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬ ಷರತ್ತು ಪೈಲಟ್‌ಗೆ ತೊಡಕೇ, ಆದರೂ ಅರ್ಜಿ ಹಾಕಲು ತೋಟ ಮಾರಬೇಕಿಲ್ಲ. ಇಂಡೋನೇಷ್ಯಾದ ಪಾಪುವಾದ ಬಗ್ಗೆ ಅವನೇ ಕೇಳಿದ. ಅಲ್ಲಿನ ಗುಡ್ಡಗಳ ನಡುವಿನ ಪಾರೋ ಎಂಬಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ಇಳಿಸಿದ ನ್ಯೂಜಿಲೆಂಡ್‌ನ ಪೈಲಟ್ ಒಬ್ಬರನ್ನು ಪ್ರತ್ಯೇಕತಾವಾದಿಗಳು ಅಪಹರಿಸಿ, ಬಿಟ್ಟದ್ದು 2024ರ ಸೆಪ್ಟೆಂಬರಿನಲ್ಲಿ ಎಂಬುದನ್ನು ತಿಳಿಸಿ, ಅದನ್ನು ತಂದೆತಾಯಿಗೂ ಹೇಳಿ ನಿರ್ಧರಿಸಬೇಕೆಂದೆ. ಅವನು ಪಾಪುವಾದ ಮಾತನ್ನು ಮತ್ತೆ ಎತ್ತಲಿಲ್ಲ.

ಅದೇ ಭೇಟಿಯ ಕೊನೆಯಲ್ಲಿ ಅವನು ತಲೆ ತಗ್ಗಿಸಿ ಇನ್ನೊಂದು ವಿಷಯ ಹೇಳಿದ. ಜೊತೆಗೆ ಕಲಿತ ಒಬ್ಬ ಸ್ನೇಹಿತ "ನೂರು ಗಂಟೆ ಬರೆದುಕೋ, ಆಫ್ರಿಕಾದಲ್ಲಿ ಯಾರು ನೋಡ್ತಾರೆ" ಎಂದಿದ್ದನಂತೆ. ಹಾರದೆ ಬರೆದುಕೊಂಡ ಗಂಟೆಗಳಿಗೆ ಪೈಲಟ್‌ಗಳ ನಡುವೆ 'ಪಾರ್ಕರ್ ಪೆನ್ ಗಂಟೆ' ಎಂಬ ಹೆಸರೇ ಇದೆ. ಪ್ರತಿ ಹಾರಾಟವೂ ಪೈಲಟ್‌ನ ಪುಸ್ತಕದ ಜೊತೆಗೆ ವಿಮಾನದ ದಾಖಲೆಯಲ್ಲೂ ಇರುತ್ತದೆ; ಎರಡನ್ನು ಹೋಲಿಸಿ ನೋಡಲು ಅರ್ಧ ದಿನ ಸಾಕು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಕೆಲವು ಪೈಲಟ್‌ಗಳ ಬಂಧನವಾದಾಗ ದೇಶದಾದ್ಯಂತ ಲೈಸೆನ್ಸ್‌ಗಳ ಪರಿಶೀಲನೆ ನಡೆದದ್ದನ್ನು ನೆನಪಿಸಿದೆ. ಸಿಕ್ಕಿಬೀಳುವ ಭಯಕ್ಕಿಂತ ದೊಡ್ಡ ಕಾರಣವನ್ನೂ ಹೇಳಿದೆ: ಮಣ್ಣಿನ ರನ್‌ವೇಯಲ್ಲಿ ಅಡ್ಡಗಾಳಿ ಬೀಸಿದಾಗ ಪೆನ್ನಿನ ಗಂಟೆ ಕೈಹಿಡಿಯುವುದಿಲ್ಲ, ಹಿಂದಿನ ಸೀಟಿನಲ್ಲಿ ಜನ ಕುಳಿತಿರುತ್ತಾರೆ. ಅವನು ಅಂಥದ್ದೇನನ್ನೂ ಬರೆದಿರಲಿಲ್ಲ. ಹೇಳಿಕೊಂಡದ್ದೇ ಒಳ್ಳೆಯದಾಯಿತು ಎಂದೆ.

ನಾಲ್ಕನೆಯ ಭೇಟಿ ಅವನ ಮನಸ್ಸಿನ ಬಗ್ಗೆ. ನಿದ್ದೆ ಬೆಳಗಿನ ಜಾವ ಮೂರಕ್ಕೆ ಒಡೆಯುತ್ತಿತ್ತು, ಊಟ ಸೇರುತ್ತಿರಲಿಲ್ಲ. ಬದುಕು ಸಾಕು ಅನ್ನಿಸಿದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೆಲವೊಮ್ಮೆ ಅನ್ನಿಸಿದೆ, ಏನೂ ಮಾಡಿಕೊಳ್ಳಲು ಯೋಚಿಸಿಲ್ಲ ಎಂದ. ಮನೋವೈದ್ಯರ ಹೆಸರು ಎತ್ತಿದ ಕೂಡಲೇ ಅವನು ಬೆದರಿದ್ದು ತನ್ನ ಮೆಡಿಕಲ್, ಅಂದರೆ ಹಾರಲು ಬೇಕಾದ ಆರೋಗ್ಯ ಪ್ರಮಾಣಪತ್ರ, ಹೋಗಿಬಿಡುತ್ತದೆ ಎಂದು. ಈ ಭಯ ಪೈಲಟ್‌ಗಳಲ್ಲಿ ವ್ಯಾಪಕವಾಗಿದೆ, ಅದಕ್ಕೆ ಆಧಾರವೂ ಇದೆ, ಆದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕಲಿಲ್ಲ. ಮನಸ್ಸು ಬಿಚ್ಚಿ ಮಾತನಾಡುವುದು, ನಿದ್ದೆಯ ಶಿಸ್ತು, ಆಪ್ತಸಲಹೆ, ಇವೆಲ್ಲ ಇಂದೇ ಆರಂಭವಾಗಬಹುದು. ಔಷಧ ಬೇಕೆಂದಾದರೆ ಪೈಲಟ್‌ಗಳನ್ನು ಪರೀಕ್ಷಿಸುವ ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಬೇಕು, ಆ ಅವಧಿಯಲ್ಲಿ ಹಾರಬಾರದು, ಅರ್ಜಿಯಲ್ಲಿ ಮುಚ್ಚಿಡಬಾರದು. ಹಾರಾಟದಿಂದ ಕೆಲವು ತಿಂಗಳು ದೂರವಿದ್ದು ಗುಣವಾಗಿ ಮರಳುವುದಕ್ಕೂ, ಮುಚ್ಚಿಟ್ಟು ಒಳಗೇ ಕುಸಿಯುವುದಕ್ಕೂ ಬಹಳ ಅಂತರವಿದೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವನ ಫೋನಿನಲ್ಲಿ ನನ್ನೆದುರೇ ಉಳಿಸಿಕೊಳ್ಳಲು ಹೇಳಿದೆ; ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಐದನೆಯ ಭೇಟಿಗೆ ತಾಯಿಯೂ ಬಂದರು. ಅಂದು ಒಪ್ಪಿಕೊಂಡದ್ದನ್ನು ಸುಮಂತ್ ತನ್ನ ಕೈಯಿಂದಲೇ ಬರೆದ. ಮೂರು ಕಂತು ಬಾಕಿಯಾಗಿ ತೊಂಬತ್ತು ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲ, ಆಗುವುದರಿಂದ, ಅದಕ್ಕೆ ಮೊದಲೇ ತಂದೆ ಮಗ ಇಬ್ಬರೂ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಿ ಕಂತು ತಗ್ಗಿಸಲು ಲಿಖಿತವಾಗಿ ಕೇಳುವುದು. ವಿಮಾನ ನಿಲ್ದಾಣದಲ್ಲಿ ನೆಲದ ಮೇಲಿನ ಕೆಲಸವಾದರೂ ಸರಿ, ಸಂಬಳ ಬರುವ ಕೆಲಸಕ್ಕೆ ಈಗಲೇ ಸೇರುವುದು. ಮುಂದೆ ಖರ್ಚು ಮಾಡುವ ಮೊದಲ ಹಣ ಮೆಡಿಕಲ್ ಮತ್ತು ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ನವೀಕರಣಕ್ಕೆ, ಏಕೆಂದರೆ ಅವಧಿ ಮುಗಿದ ಕಾಗದ ಹಿಡಿದವನಿಗೆ ಯಾವ ದೇಶದಲ್ಲೂ ಬಾಗಿಲು ತೆರೆಯುವುದಿಲ್ಲ. ಅದಾದ ಮೇಲೆ ಸಹಾಯಕ ಇನ್‌ಸ್ಟ್ರಕ್ಟರ್ ರೇಟಿಂಗ್. ಕಲಬುರಗಿ ಮತ್ತು ಬೆಳಗಾವಿಯ ವಿಮಾನ ನಿಲ್ದಾಣಗಳಲ್ಲೂ ಈಗ ಫ್ಲೈಯಿಂಗ್ ಸ್ಕೂಲುಗಳಿರುವುದರಿಂದ ಕಲಿಸುತ್ತಾ ಗಂಟೆ ಕೂಡಿಸುವ ದಾರಿ ಊರಿನಿಂದ ತೀರಾ ದೂರವಿಲ್ಲ. ವಿದೇಶಕ್ಕೆ ಒಂದೇ ಪ್ರಯತ್ನ, ಮೌನ್‌ಗೆ, ಮರಳುವ ಟಿಕೆಟ್ ಸೇರಿ ನಾಲ್ಕು ಲಕ್ಷದ ಮಿತಿಯಲ್ಲಿ, ಅದೂ ತನ್ನ ದುಡಿಮೆಯ ಹಣದಲ್ಲಿ. ಅಲ್ಲಿ ಹತ್ತು ವಾರ ಕಾದು ಸಿಗದಿದ್ದರೆ ಮರಳುವುದು.

ತಾಯಿ ಎಲ್ಲವನ್ನೂ ಕೇಳಿ, "ಹಾರೋದು ಬಿಟ್ಟರೂ ನೀನು ನಮ್ಮ ಮಗನೇ ಅಲ್ವೇನೋ" ಎಂದರು. ಅವನು ಅತ್ತ. ತಂದೆ ಕಿಟಕಿಯ ಕಡೆ ನೋಡುತ್ತಾ ಕುಳಿತರು, ಎಕರೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಇದಾಗಿ ಒಂಬತ್ತು ತಿಂಗಳಾಗಿದೆ. ಸುಮಂತ್ ಬೆಂಗಳೂರಿನಲ್ಲಿ ವಿಮಾನಗಳ ಸಂಚಾರ ವೇಳಾಪಟ್ಟಿ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಬ್ಯಾಂಕು ಕಂತನ್ನು ಪೂರ್ತಿಯಲ್ಲದಿದ್ದರೂ ಸ್ವಲ್ಪ ತಗ್ಗಿಸಿದೆ. ನಿದ್ದೆ ಸುಧಾರಿಸಿದೆ, ಔಷಧ ಬೇಕಾಗಲಿಲ್ಲ. ಆಸ್ಟ್ರೇಲಿಯಾದ ಲಾಟರಿಯಲ್ಲಿ ಈ ವರ್ಷ ಹೆಸರು ಬರಲಿಲ್ಲ. ಕಳೆದ ತಿಂಗಳು ಇನ್‌ಸ್ಟ್ರುಮೆಂಟ್ ರೇಟಿಂಗ್ ನವೀಕರಣ ಮುಗಿಸಿ, ಲಾಗ್‌ಬುಕ್ಕಿನ ಆ ಪುಟದ ಚಿತ್ರವನ್ನು ನನಗೆ ಕಳಿಸಿದ್ದ. ಖಾಲಿ ಇದ್ದ ಸಾಲುಗಳಲ್ಲಿ ಮೂರು ತುಂಬಿದ್ದವು, ಅದೇ ಅಕ್ಷರಗಳಲ್ಲಿ. ಮುಂದಿನ ಭೇಟಿ ಅಡಿಕೆ ಕೊಯ್ಲು ಮುಗಿದ ಮೇಲೆ. ಮೌನ್‌ಗೆ ಹೊರಡುವ ತಿಂಗಳನ್ನು ಅಂದು ಗೊತ್ತುಮಾಡಬೇಕಿದೆ.