ಹಸಿ ಗೋಡೆಗೆ ಸಿಮೆಂಟ್ ಬೇಡ ತಂಗಿ

ಪ್ರಶ್ನೆ: ಅಕ್ಕಾ, ನಮ್ಮದು ಅಜ್ಜನ ಕಾಲದ ಹಂಚಿನ ಮನೆ, ಮಣ್ಣಿನ ಗೋಡೆ. ಜುಲೈ ಗಾಳಿಗೆ ಹಂಚು ಹಾರಿ, ಅಡುಗೆಮನೆ ಗೋಡೆಯೊಳಗೆ ನೀರು ಇಳಿಯಿತು. ಈಗ ಗೋಡೆ ಉಬ್ಬಿದೆ, ಕಪ್ಪು ಬೂಷ್ಟು ಹಿಡಿದಿದೆ. ಸಿಮೆಂಟ್ ಗಿಲಾಯಿ ಮಾಡಿ ಬಣ್ಣ ಹೊಡೆದರೆ ಗಣಪತಿ ಹಬ್ಬಕ್ಕೆ ಮನೆ ತಯಾರು ಎಂದು ಗೌಂಡಿ ಹೇಳುತ್ತಾನೆ. ಮಾಡಿಸಲಾ?
– ಓದುಗ ತಂಗಿ, ಖಾನಾಪುರ ತಾಲ್ಲೂಕು

ಉತ್ತರ: ಬೇಡ ತಂಗಿ. ಈ ಸಲ ಹಬ್ಬಕ್ಕೆ ಆ ಗೋಡೆ ಹಾಗೇ ಇರಲಿ.

2019ರ ಆಗಸ್ಟ್ ಮಳೆಗೆ ಬೆಳಗಾವಿಯ ನಮ್ಮ ಮನೆಯ ಹಿಂದಿನ ಗೋಡೆಯೂ ಹೀಗೇ ನೆನೆದಿತ್ತು. ಅದೂ ಮಣ್ಣಿನದೇ. ದಸರೆಯೊಳಗೆ ಸಿಮೆಂಟ್ ಮೆತ್ತಿಸಿದೆವು. ಮುಂದಿನ ಮಳೆಗಾಲಕ್ಕೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಆಮೇಲೆ ಹಾಳೆ ಹಾಳೆಯಾಗಿ ಕಿತ್ತು ಬಂತು, ಒಳಗಿನ ಮಣ್ಣು ಇನ್ನೂ ಹಸಿ! ಮಣ್ಣು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಗಾಳಿಗೆ ಬಿಡುತ್ತದೆ. ಸಿಮೆಂಟು ಆ ದಾರಿಯನ್ನೇ ಮುಚ್ಚುತ್ತದೆ.

ಮೊದಲು ಆ ಕಡೆಯ ಕರೆಂಟ್ ಆಫ್ ಮಾಡಿಸು. ಒದ್ದೆ ಗೋಡೆಯ ಸ್ವಿಚ್ ಮುಟ್ಟಬೇಡ. ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ಮೇಲಿನಿಂದ ಇಳಿಬಿಟ್ಟು ನೋಡು. ಉಬ್ಬಿರುವುದು ಬರೀ ಮೇಲಿನ ಪದರವೋ, ಗೋಡೆಯೇ ವಾಲಿದೆಯೋ ತಿಳಿಯುತ್ತದೆ. ವಾಲಿದ್ದರೆ ಗೋಡೆಗೆ ಮರದ ಕಂಬದ ಆಸರೆ ಕೊಡಿಸಿ, ಅಲ್ಲಿ ಅಡುಗೆ ನಿಲ್ಲಿಸು. ಹಂಚು ಸರಿ ಮಾಡದೆ ಗೋಡೆಗೆ ಕೈ ಹಾಕುವುದು ಸುಮ್ನೆ ದುಡ್ಡು ದಂಡ.

ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡ. ಪುಡಿ ಹಾರಿ ಎದೆಗೆ ಹೋಗುತ್ತದೆ. ಮನೆಯಲ್ಲಿ ದಮ್ಮಿನವರು, ಕೂಸುಗಳು ಇದ್ದರೆ ಇನ್ನೂ ಕಷ್ಟ. ಮಾಸ್ಕ್ ಹಾಕಿಕೊಂಡು ಸೋಪು ನೀರಿನ ಬಟ್ಟೆಯಿಂದ ಒರೆಸು, ಬಟ್ಟೆ ಎಸೆದುಬಿಡು. ಉಬ್ಬಿದ ಪದರ ಕೆರೆದು ತೆಗೆ. ಉಳಿದದ್ದು ಒಣಗಲಿ.

ಒಣಗಿಸುವುದೇ ನಿಮ್ಮ ಕಡೆ ದೊಡ್ಡ ಕೆಲಸ. ಖಾನಾಪುರದ ಮಳೆಗಾಲದ ಗಾಳಿಯೇ ಒದ್ದೆ, ಅಲ್ವಾ? ಮಳೆ ಸುರಿಯುವಾಗ ಕಿಟಕಿ ತೆಗೆದಿಟ್ಟರೆ ಗೋಡೆ ಒಣಗುವುದಿಲ್ಲ. ಬಿಸಿಲು ಬಿದ್ದಾಗ ಎದುರುಬದುರು ಕಿಟಕಿ ಬಾಗಿಲು ತೆಗೆ. ಕಪಾಟು, ಚೀಲಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡು. ದಪ್ಪ ಗೋಡೆಗೆ ತಿಂಗಳುಗಳೇ ಬೇಕು. ಮುಟ್ಟಿ ನೋಡಿ ಒಣಗಿತು ಅಂದುಕೊಳ್ಳಬೇಡ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡು. ಹಿಂದೆ ಹನಿ ಕಂಡರೆ ಇನ್ನೂ ಕಾಯಬೇಕು.

ದೀಪಾವಳಿ ಕಳೆದು ಒಣ ಚಳಿ ಹಿಡಿದ ಮೇಲೆ ಮತ್ತೆ ಪರೀಕ್ಷೆ ಮಾಡು. ಹನಿ ಕಾಣದಿದ್ದರೆ ಮಣ್ಣಿಗೆ ಕತ್ತರಿಸಿದ ಹುಲ್ಲು ಕಲಸಿ, ಕೊಳೆಸಿ, ಮೆತ್ತಿಸು. ಅದು ಒಣಗಿದ ಮೇಲೆ ಸುಣ್ಣ ಬಳಿಸು. ಪ್ಲಾಸ್ಟಿಕ್ ಪೇಂಟ್ ಬೇಡ, ಅದೂ ಸಿಮೆಂಟಿನ ಹಾಗೇ ಉಸಿರು ಕಟ್ಟಿಸುತ್ತದೆ. ಗೌಂಡಿಗೆ ಮಣ್ಣಿನ ಕೆಲಸ ಬರದಿದ್ದರೆ ಊರಿನ ಹಿರಿಯರನ್ನು ಕೇಳು, ಕೈ ಪಳಗಿದವರು ಸಿಗುತ್ತಾರೆ. ಏಪ್ರಿಲ್‌ನ ಗುಡುಗು ಮಳೆಗೆ ಮುಂಚೆ ಅಂಚಿನ ಸಾಲಿನ ಹಂಚುಗಳನ್ನು ತಂತಿಯಿಂದ ಕೆಳಗಿನ ಮರದ ಪಟ್ಟಿಗೆ (ರೀಪಿಗೆ) ಬಿಗಿಸು. ಗಾಳಿ ಮೊದಲು ಎತ್ತುವುದು ಅವನ್ನೇ.